ಉಡುವವರ ಅಳತೆ, ಹೊಲಿಯುವವರ ಕೂಲಿ: ಓದುಗರ ಪ್ರಶ್ನೆಗಳಿಗೆ ಯುವ ವಿನ್ಯಾಸಕಿಯ ಉತ್ತರ

ಪರಿಸರಕ್ಕೆ ಹೊರೆಯಾಗದ, ಎಲ್ಲ ಬಗೆಯ ದೇಹಗಳಿಗೂ ಒಪ್ಪುವ ಉಡುಪುಗಳ ಕುರಿತು ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ತುಮಕೂರಿನಲ್ಲಿ ಸಣ್ಣ ಹೊಲಿಗೆ ಘಟಕವೊಂದನ್ನು ನಡೆಸುತ್ತಿರುವ ಯುವ ಉಡುಪು ವಿನ್ಯಾಸಕಿಯೊಬ್ಬರಿಗೆ ಕಳುಹಿಸಿದ್ದೆವು. ಅವರು ಬರೆದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಫ್ಯಾಷನ್ ಡಿಸೈನ್ ಡಿಪ್ಲೊಮಾ ಮುಗಿಸಿದ್ದೇನೆ. ಸಾವಯವ ಹತ್ತಿಯ ಬಟ್ಟೆ ತರಿಸಿಕೊಂಡು ಸುಸ್ಥಿರ ಉಡುಪುಗಳ ಸ್ವಂತ ಬ್ರ್ಯಾಂಡ್ ಆರಂಭಿಸಬೇಕೆಂಬ ಆಸೆಯಿದೆ. ಬಟ್ಟೆಯ ಆಯ್ಕೆಯಿಂದಲೇ ಕೆಲಸ ಶುರು ಮಾಡಬೇಕಲ್ಲವೇ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಬಟ್ಟೆಯ ಆಯ್ಕೆ ಮುಖ್ಯವೇ ಹೌದು. ಆದರೆ ಅದಕ್ಕೂ ಮೊದಲು ಆ ಉಡುಪನ್ನು ಯಾರು ತೊಡುತ್ತಾರೆ, ಅವರ ದೇಹ ಹೇಗಿದೆ, ಎಷ್ಟು ವರ್ಷ ಅದು ಅವರಿಗೆ ಒದಗಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಒಂದು ಹತ್ತಿಯ ಟೀ ಶರ್ಟ್ ಸಿದ್ಧವಾಗಲು, ಹತ್ತಿಯ ಬೆಳೆಯಿಂದ ಹಿಡಿದು ಬಟ್ಟೆಯ ಸಂಸ್ಕರಣೆಯವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲದ ಊರುಗಳ ನಮಗೆ ಆ ಲೆಕ್ಕದ ಭಾರವನ್ನು ಯಾರೂ ವಿವರಿಸಬೇಕಿಲ್ಲ. ಅಷ್ಟು ನೀರು ಕುಡಿದ ಬಟ್ಟೆಯು, ಕಂಕುಳಲ್ಲಿ ಬಿಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಎರಡು ಸಲ ತೊಟ್ಟು ಬೀರುವಿನ ಮೂಲೆ ಸೇರಿದರೆ, ಅದರ ಹತ್ತಿ ಸಾವಯವವಾಗಿತ್ತು ಎಂಬುದರಿಂದ ಸಿಗುವ ಸಮಾಧಾನ ತೀರ ಸಣ್ಣದು. ಮೈಗೆ ಒಪ್ಪದ ಉಡುಪು ಎಷ್ಟೇ ಶುದ್ಧ ನೂಲಿನದಾಗಿದ್ದರೂ ಅದು ಪೋಲಾದ ಉಡುಪೇ.

ಎರಡನೆಯದು ಕತ್ತರಿಯ ಪ್ರಶ್ನೆ. ಸಿದ್ಧ ಉಡುಪಿನ ಉದ್ಯಮದಲ್ಲಿ ಕತ್ತರಿಸುವ ಮೇಜಿನ ಮೇಲೆಯೇ ಬಟ್ಟೆಯಲ್ಲಿ ಸುಮಾರು ಶೇ 15ರಷ್ಟು ಚಿಂದಿಯಾಗಿ ಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಸೀರೆ, ಪಂಚೆ, ಕಂಬಳಿಗಳಲ್ಲಿ ಈ ನಷ್ಟವೇ ಇಲ್ಲ, ಏಕೆಂದರೆ ಮಗ್ಗದಿಂದ ಇಳಿದ ಬಟ್ಟೆ ಇಡಿಯಾಗಿ ಮೈಮೇಲೆ ಬರುತ್ತದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನೇಯ್ದ ಒಂದೇ ಸೀರೆಯನ್ನು ತೆಳ್ಳಗಿನ ಮದುಮಗಳೂ ಉಡಬಹುದು, ತುಂಬು ಗರ್ಭಿಣಿಯೂ ಉಡಬಹುದು, ಅವಳ ಅಜ್ಜಿಯೂ ಉಡಬಹುದು. ನೆರಿಗೆಗಳ ಸಂಖ್ಯೆ ಬದಲಾಗುತ್ತದೆಯೇ ಹೊರತು ಸೀರೆ ಬದಲಾಗುವುದಿಲ್ಲ. ಹಾಗೆಂದು ಸೀರೆಯೇ ಎಲ್ಲಕ್ಕೂ ಪರಿಹಾರವೆಂದು ನಾನು ಹೇಳಲಾರೆ. ಕೀಲುನೋವಿನಿಂದ ಬೆರಳು ಮಡಚಲಾಗದವರಿಗೆ, ಒಂದೇ ಕೈಯಿರುವವರಿಗೆ ನೆರಿಗೆ ಹಿಡಿಯುವುದು ದೊಡ್ಡ ಕಷ್ಟ. ಸೀರೆಯಿಂದ ನಾವು ಕಲಿಯಬೇಕಾದದ್ದು ಚೌಕಾಕಾರದ ತುಂಡುಗಳಿಂದ ಉಡುಪನ್ನು ಕಟ್ಟುವ ಬಗೆಯನ್ನು ಮತ್ತು ಮೈ ಬದಲಾದಂತೆ ಉಡುಪೂ ಹಿಗ್ಗಲು ಎಡೆಯಿಡುವ ಗುಣವನ್ನು.

ಆ ಗುಣವನ್ನು ಇಂದಿಗೂ ಉಳಿಸಿಕೊಂಡಿರುವವರು ನಮ್ಮ ಬೀದಿಯ ದರ್ಜಿಗಳು. ಕಾರ್ಖಾನೆಯ ಉಡುಪಿನಲ್ಲಿ, ಅಂಚಿನ ಎಳೆ ಬಿಡದಂತೆ ಹಾಕುವ ಓವರ್‌ಲಾಕ್ ಹೊಲಿಗೆಯ ಒಳಗೆ ಒಂದು ಸೆಂಟಿಮೀಟರಿನಷ್ಟು ಬಟ್ಟೆ ಉಳಿದರೆ ಹೆಚ್ಚು. ದರ್ಜಿ ಹೊಲಿದ ರವಿಕೆಯ ಪಕ್ಕದಲ್ಲಿ ಒಂದರಿಂದ ಒಂದೂವರೆ ಇಂಚು ಮಾರ್ಜಿನ್ ಇರುತ್ತದೆ. ಮದುವೆಯ ರವಿಕೆಯನ್ನು ಎರಡು ಹೆರಿಗೆಯ ನಂತರವೂ ಬಿಚ್ಚಿ ಹೊಲಿದು ತೊಡಲು ಸಾಧ್ಯವಾಗುವುದು ಆ ಒಂದೂವರೆ ಇಂಚಿನಿಂದ. ಬಟ್ಟೆ ಉಳಿಸುವ ಭರದಲ್ಲಿ ಈ ಮಾರ್ಜಿನ್‌ಗೆ ಕತ್ತರಿ ಹಾಕುವ ವಿನ್ಯಾಸವನ್ನು ನಾನು ಸುಸ್ಥಿರವೆಂದು ಒಪ್ಪುವುದಿಲ್ಲ. ಆದ್ದರಿಂದ ಬ್ರ್ಯಾಂಡಿನ ಹೆಸರು ಹುಡುಕುವ ಮೊದಲು ನಿಮ್ಮ ಬಡಾವಣೆಯ ಹಿರಿಯ ದರ್ಜಿಯೊಬ್ಬರ ಅಂಗಡಿಯಲ್ಲಿ ಕೆಲವು ತಿಂಗಳು ಕುಳಿತು, ದುರಸ್ತಿಗೆ ಬರುವ ಬಟ್ಟೆಗಳನ್ನು ಗಮನಿಸಿ. ಯಾವ ಹೊಲಿಗೆ ಮೊದಲು ಬಿಡುತ್ತದೆ, ಯಾವ ಜಾಗ ಮೊದಲು ಸವೆಯುತ್ತದೆ, ಜನ ಎಲ್ಲಿ ಬಿಗಿ ಎನ್ನುತ್ತಾರೆ ಎಂಬುದು ಅಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಯಾವ ತರಗತಿಯಲ್ಲೂ ತಿಳಿಯದು. ನಾಲ್ಕೈದು ವಿನ್ಯಾಸಗಳು ಸಾಕು. ಆದರೆ ಪ್ರತಿಯೊಂದನ್ನೂ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮೈಕಟ್ಟಿನ ಜನರಿಗೆ ತೊಡಿಸಿ ನೋಡಿದ ಮೇಲಷ್ಟೇ ಮಾರಾಟಕ್ಕಿಡಿ.

ಪ್ರಶ್ನೆ: ನನ್ನ ಅಳತೆಯ ಕುರ್ತಾ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಭುಜ ಜಾರುತ್ತದೆ, ತೋಳು ಬಿಗಿಯುತ್ತದೆ. ತೂಕ ಇಳಿಸಿಕೊಳ್ಳಿ ಎಂಬ ಸಲಹೆ ಮಾತ್ರ ಎಲ್ಲೆಡೆ ಸಿಗುತ್ತದೆ. ಇದಕ್ಕೆ ಪರಿಹಾರವಿಲ್ಲವೇ?
– ಶಿಕ್ಷಕಿ, ಚಿಂತಾಮಣಿ

ಉತ್ತರ: ತಪ್ಪು ನಿಮ್ಮ ದೇಹದ್ದಲ್ಲ, ಅಳತೆಪಟ್ಟಿಯದು. ಬಹುಪಾಲು ತಯಾರಕರು ಮಧ್ಯಮ ಗಾತ್ರದ ಒಂದು ಮಾದರಿಯನ್ನು ಬರೆದು, ದೊಡ್ಡ ಗಾತ್ರ ಬೇಕಾದಾಗ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಅಗಲಿಸುತ್ತಾ ಹೋಗುತ್ತಾರೆ. ಆದರೆ ಮೈ ತುಂಬಿಕೊಂಡಾಗ ಭುಜದ ಮೂಳೆ ಅದೇ ಪ್ರಮಾಣದಲ್ಲಿ ಅಗಲವಾಗುವುದಿಲ್ಲ. ತೋಳಿನ ಮೇಲ್ಭಾಗ, ಎದೆ, ಹೊಟ್ಟೆ ಮತ್ತು ಸೊಂಟ ಅಗಲವಾಗುತ್ತವೆ. ನೀವು ಹೇಳಿದ ಹಾಗೆ ಭುಜ ಜಾರುವುದಕ್ಕೂ ಅದೇ ಕುರ್ತಾದ ತೋಳು ಬಿಗಿಯುವುದಕ್ಕೂ ಇದೇ ಕಾರಣ. ದೊಡ್ಡ ಗಾತ್ರಗಳಿಗೆ ಮೂಲ ಮಾದರಿಯನ್ನೇ ಪ್ರತ್ಯೇಕವಾಗಿ ಬರೆಯಬೇಕು. ಅದು ಹೆಚ್ಚಿನ ಕೆಲಸ, ಹೆಚ್ಚಿನ ಖರ್ಚು; ಆದ್ದರಿಂದ ಅನೇಕರು ಮಾಡುವುದಿಲ್ಲ.

ನಮ್ಮ ದೇಶದ ಸಿದ್ಧ ಉಡುಪು ಉದ್ಯಮವು ಬ್ರಿಟನ್ ಮತ್ತು ಅಮೆರಿಕದ ಅಳತೆಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿಕೊಂಡು ದಶಕಗಳ ಕಾಲ ನಡೆದುಬಂದಿದೆ. ಭಾರತೀಯರ ದೇಹಕ್ಕೆ ನಮ್ಮದೇ ಅಳತೆಪಟ್ಟಿ ಇರಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆ ಕೈಗೊಂಡಿತು. 15ರಿಂದ 65 ವರ್ಷದ 25,000ಕ್ಕೂ ಹೆಚ್ಚು ಜನರನ್ನು ಆರು ನಗರಗಳಲ್ಲಿ ತ್ರೀ–ಡಿ ಸ್ಕ್ಯಾನರ್ ಮೂಲಕ ಅಳೆಯುವ ದೊಡ್ಡ ಯೋಜನೆ ಅದು. ಒಳ್ಳೆಯ ಹೆಜ್ಜೆ, ಆದರೆ ನಗರಗಳಲ್ಲಿ ತೆಗೆದ ಅಳತೆ ಹೊಲದಲ್ಲಿ ದುಡಿಯುವ, ಹಾಲಿನ ಕ್ಯಾನು ಹೊರುವ ಮೈಗಳಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಊರಿನಲ್ಲಿ ಕೆಲಸ ಮಾಡುವ ನಮ್ಮಂಥವರು ನೋಡಿಕೊಳ್ಳಬೇಕು.

ಸದ್ಯಕ್ಕೆ ನಿಮ್ಮ ದರ್ಜಿಗೆ ಹೀಗೆ ಹೇಳಿ: ಎದೆಯ ಸುತ್ತಳತೆಯ ಜೊತೆಗೆ ಎದೆಯ ಮೇಲ್ಭಾಗದ ಸುತ್ತಳತೆ, ತೋಳಿನ ಅತ್ಯಂತ ದಪ್ಪನೆಯ ಭಾಗ, ಬೆನ್ನಿನ ಅಗಲ ಮತ್ತು ಎದುರಿನ ಅಗಲಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಲಿ. ಭುಜವನ್ನು ನಿಮ್ಮ ಮೂಳೆಯ ಅಳತೆಗೇ ಇಟ್ಟು, ಎದೆಗೆ ಬೇಕಾದ ಜಾಗವನ್ನು ಡಾರ್ಟ್, ಅಂದರೆ ಒಳಗೆ ಮಡಚಿ ಹೊಲಿಯುವ ಮೊನಚು ಮಡಿಕೆ, ಹಿಡಿದು ಕೊಡಲಿ. ಕಂಕುಳಲ್ಲಿ ಚೌಕಾಕಾರದ ಒಂದು ಸಣ್ಣ ತುಂಡು ಕೂಡಿಸಿದರೆ ಕಪ್ಪುಹಲಗೆಯ ಮೇಲೆ ಬರೆಯಲು ಕೈ ಎತ್ತಿದಾಗ ಇಡೀ ಕುರ್ತಾ ಮೇಲೇರುವುದು ನಿಲ್ಲುತ್ತದೆ. ತೂಕದ ಬಗ್ಗೆ ಮಾತನಾಡುವುದು ನಿಮ್ಮ ವೈದ್ಯರ ಕೆಲಸ, ಬಟ್ಟೆ ಮಾರುವವರದ್ದಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾಳೆ, ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕುತ್ತಾಳೆ. ಸಮವಸ್ತ್ರದ ಚೂಡಿದಾರ್ ಹಿಂದೆ ಜಾರುತ್ತದೆ, ಮುಂದೆ ಗಂಟುಗಂಟಾಗುತ್ತದೆ, ವೇಲ್ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಶೌಚಾಲಯಕ್ಕೆ ಹೋಗುವುದಂತೂ ಬಹಳ ಕಷ್ಟ. ಹೇಗೆ ಹೊಲಿಸಬೇಕು?
– ತಾಯಿ, ಮಧುಗಿರಿ

ಉತ್ತರ: ಅಮ್ಮಾ, ಮಾರುಕಟ್ಟೆಯಲ್ಲಿರುವ ಬಹುಪಾಲು ಉಡುಪುಗಳು ನಿಂತಿರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾದರಿಗಳಿಂದ ಹುಟ್ಟುತ್ತವೆ. ಕುಳಿತಾಗ ದೇಹದ ಅಳತೆಯೇ ಬದಲಾಗುತ್ತದೆ. ಸೊಂಟದ ಹಿಂಭಾಗ ಉದ್ದವಾಗುತ್ತದೆ, ಮುಂಭಾಗ ಮಡಚಿಕೊಂಡು ಗಿಡ್ಡವಾಗುತ್ತದೆ, ಮೊಣಕಾಲಿನ ಮೇಲೆ ಬಟ್ಟೆ ಎಳೆಯುತ್ತದೆ. ಆದ್ದರಿಂದ ಅವಳು ಕುರ್ಚಿಯಲ್ಲಿ ಕುಳಿತಿರುವಾಗಲೇ ದರ್ಜಿಯು ಅಳತೆ ತೆಗೆದುಕೊಳ್ಳಲಿ.

ಪ್ಯಾಂಟಿನ ಸೊಂಟ ಹಿಂದೆ ಎತ್ತರವಾಗಿಯೂ ಮುಂದೆ ತಗ್ಗಾಗಿಯೂ ಇರಬೇಕು. ಎಲಾಸ್ಟಿಕ್ ಹಿಂಭಾಗಕ್ಕೆ ಮಾತ್ರ ಸಾಕು, ಹೊಟ್ಟೆಯ ಮೇಲೆ ಮಡಿಕೆಗಳು ಒತ್ತುವುದಿಲ್ಲ. ಕೂರುವ ಜಾಗದಲ್ಲಿ ಜೇಬು, ದಪ್ಪ ಹೊಲಿಗೆ, ಗುಂಡಿ ಯಾವುದೂ ಬೇಡ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಡೀ ದಿನ ಒಂದೇ ಕಡೆ ಕೂರುವವರಿಗೆ, ಅದರಲ್ಲೂ ಆ ಭಾಗದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವವರಿಗೆ, ಬಟ್ಟೆಯ ಒಂದು ಸಣ್ಣ ಗಂಟು ಕೂಡ ಒತ್ತಡದ ಹುಣ್ಣಿಗೆ ಕಾರಣವಾಗಬಲ್ಲದು, ಮತ್ತು ಆ ಹುಣ್ಣು ಮಾಗಲು ತಿಂಗಳುಗಳೇ ಬೇಕಾಗಬಹುದು. ಕ್ಯಾಲಿಪರ್ ಹಾಕುವ ಕಾಲಿನ ಒಳಹೊಲಿಗೆಯನ್ನು ಮೊಣಕಾಲಿನ ಮೇಲಿನವರೆಗೆ ಬಿಚ್ಚಿ ಜಿಪ್ ಅಥವಾ ವೆಲ್‌ಕ್ರೋ ಕೂಡಿಸಿದರೆ, ಪ್ಯಾಂಟು ಕಳಚದೆಯೇ ಕ್ಯಾಲಿಪರ್ ಸರಿಪಡಿಸಬಹುದು. ಶೌಚಾಲಯದ ಕಷ್ಟಕ್ಕೆ ಸೊಂಟದ ಎರಡೂ ಪಕ್ಕಗಳಲ್ಲಿ ತೊಡೆಯವರೆಗೆ ತೆರೆಯುವ ಪಟ್ಟಿಗಳನ್ನು ಇಡಿಸಿ, ಎಳೆದುಕೊಳ್ಳಲು ಬೆರಳು ತೂರುವಂಥ ಬಟ್ಟೆಯ ಕುಣಿಕೆಗಳನ್ನು ಒಳಭಾಗದಲ್ಲಿ ಹೊಲಿಸಿ. ವೆಲ್‌ಕ್ರೋದ ಮೃದುವಾದ ಭಾಗ ಮೈಕಡೆಗೆ ಇರಲಿ, ಒರಟಾದ ಭಾಗ ಹೊರಗಡೆ; ಒಗೆಯುವ ಮುನ್ನ ಎರಡನ್ನೂ ಅಂಟಿಸಿಬಿಟ್ಟರೆ ಬೇರೆ ಬಟ್ಟೆಗಳ ದಾರ ಕೀಳುವುದಿಲ್ಲ. ಈಚೆಗೆ ಆಯಸ್ಕಾಂತದ ಗುಂಡಿಗಳು ಸಿಗುತ್ತಿವೆ, ಕೈಬೆರಳಿಗೆ ಬಲವಿಲ್ಲದವರಿಗೆ ಅವು ವರದಾನ. ಆದರೆ ಮನೆಯಲ್ಲಿ ಯಾರಿಗಾದರೂ ಹೃದಯದ ಪೇಸ್‌ಮೇಕರ್ ಇದ್ದರೆ ಅವುಗಳನ್ನು ಬಳಸಬೇಡಿ.

ಮೇಲಂಗಿಯು ತೊಡೆಯ ಮೇಲೆ ನಿಲ್ಲುವಷ್ಟೇ ಉದ್ದವಿರಲಿ, ಪಕ್ಕದ ಸೀಳುಗಳು ಸೊಂಟದವರೆಗೆ ಬರಲಿ. ತಾನೇ ಗಾಲಿ ತಳ್ಳುವುದಾದರೆ ತೋಳು ಮುಕ್ಕಾಲು ಉದ್ದಕ್ಕೆ ಸಾಕು. ವೇಲಿನ ಬದಲಿಗೆ ಅದೇ ಬಣ್ಣದ ತೋಳಿಲ್ಲದ ಕೋಟನ್ನು ಹೊಲಿಸಿ. ಸಮವಸ್ತ್ರ ಹೀಗಿರಬಾರದೆಂದು ಶಾಲೆಯವರು ಹೇಳಿದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ವಿನಯದಿಂದಲೇ ನೆನಪಿಸಿ. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ ಆ ಕಾಯ್ದೆಯು, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಶಿಕ್ಷಣ ಸಂಸ್ಥೆಗಳು ಮಾಡಿಕೊಡಬೇಕೆಂದು ಹೇಳುತ್ತದೆ. ಬಣ್ಣವೂ ಬಟ್ಟೆಯೂ ಎಲ್ಲರಂತೆಯೇ ಇದ್ದು ಕತ್ತರಿಸಿದ ರೀತಿ ಮಾತ್ರ ಬೇರೆಯಾಗಿದ್ದರೆ ಶಿಸ್ತಿಗೆ ಯಾವ ಕೊರತೆಯೂ ಆಗುವುದಿಲ್ಲ.

ಕೊನೆಯದಾಗಿ, ಹೊಲಿಸುವ ಮೊದಲು ಮಗಳನ್ನೇ ಕೇಳಿ. ಹನ್ನೆರಡು ವರ್ಷದ ಹುಡುಗಿಗೆ ತಾನು ಹೇಗೆ ಕಾಣುತ್ತೇನೆ ಎಂಬುದೂ ಮುಖ್ಯ. ಅನುಕೂಲದ ಹೆಸರಿನಲ್ಲಿ ಆಸ್ಪತ್ರೆಯ ಬಟ್ಟೆಯಂತಹುದನ್ನು ತೊಡಿಸಿದರೆ ಅವಳು ಅದನ್ನು ಒಪ್ಪಲಾರಳು, ಒಪ್ಪಲೂಬಾರದು.

ಪ್ರಶ್ನೆ: ತೆಂಗಿನ ಚಿಪ್ಪಿನ ಗುಂಡಿಗಳು ಪ್ಲಾಸ್ಟಿಕ್ಕಿನಷ್ಟು ಬಾಳುತ್ತವೆಯೇ?
– ತೆಂಗು ಬೆಳೆಗಾರರು, ತಿಪಟೂರು

ಉತ್ತರ: ಚೆನ್ನಾಗಿ ನಯಗೊಳಿಸಿದ, ಸಾಕಷ್ಟು ದಪ್ಪವಿರುವ ಗುಂಡಿಗಳು ಅಂಗಿಯ ಆಯುಷ್ಯದಷ್ಟು ಬಾಳುತ್ತವೆ. ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಸಬಾರದು, ಒಗೆಯುವ ಕಲ್ಲಿಗೆ ಬಡಿಯಬಾರದು, ಅಷ್ಟೆ. ಕೊಳ್ಳುವಾಗ ತೂತಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಒರಟಿದ್ದರೆ ದಾರ ಬೇಗ ತುಂಡಾಗುತ್ತದೆ. ಕೊಬ್ಬರಿಗೆ ಹೆಸರಾದ ನಿಮ್ಮ ಊರಿನಲ್ಲಿ ಚಿಪ್ಪಿಗೆ ಬರವಿಲ್ಲ. ಉರುವಲಿಗೂ ಇದ್ದಿಲಿಗೂ ಹೋಗುವ ಚಿಪ್ಪಿನಲ್ಲಿ ಒಂದು ಪಾಲು ಗುಂಡಿಯಾದರೆ ನಮ್ಮಂಥ ಸಣ್ಣ ಘಟಕಗಳು ಅದನ್ನು ಸಂತೋಷದಿಂದ ಕೊಳ್ಳುತ್ತವೆ. ಒಂದೇ ದಪ್ಪ, ಒಂದೇ ಅಗಲ ಕಾಯ್ದುಕೊಳ್ಳುವುದು ಮಾತ್ರ ಬಹಳ ಮುಖ್ಯ, ಇಲ್ಲವಾದರೆ ಕಾಜಾದ ಅಳತೆ ತಪ್ಪುತ್ತದೆ.

ಪ್ರಶ್ನೆ: ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆಂದು ಕೇಳಿದ್ದೇನೆ. ಆ ಬಣ್ಣ ನಿಲ್ಲುತ್ತದೆಯೇ? ನಮ್ಮ ತೋಟದ ಚೊಗರನ್ನು ಮಾರಬಹುದೇ?
– ಅಡಿಕೆ ಬೆಳೆಗಾರರು, ಗುಬ್ಬಿ

ಉತ್ತರ: ನೀವು ಕೇಳಿದ್ದು ನಿಜ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಹೆಣ್ಣುಮಕ್ಕಳೇ ನಡೆಸುವ ‘ಚರಕ’ ಸಹಕಾರ ಸಂಘವು ಕೈಮಗ್ಗದ ಹತ್ತಿಗೆ ಚೊಗರಿನ ಬಣ್ಣವನ್ನು ವರ್ಷಗಳಿಂದ ಬಳಸುತ್ತಾ ಬಂದಿದೆ. ಚೊಗರಿನಲ್ಲಿರುವ ಟ್ಯಾನಿನ್ ಅಂಶವೇ ಬಣ್ಣವನ್ನು ಎಳೆಗೆ ಹಿಡಿಸುತ್ತದೆ. ನಿಮ್ಮ ಬೆರಳಿಗೆ ಚೊಗರು ತಾಗಿದಾಗ ಕಲೆ ಎಷ್ಟು ದಿನ ಹೋಗದೆ ಉಳಿಯುತ್ತದೆ ಎಂಬುದು ನಿಮಗೇ ಗೊತ್ತಿದೆಯಲ್ಲ.

ಕ್ರಮ ಹೀಗಿದೆ. ಮಗ್ಗದಿಂದ ಬಂದ ಕೋರಾ ಬಟ್ಟೆಯ ಗಂಜಿ ಮತ್ತು ಜಿಡ್ಡು ಪೂರ್ತಿ ಹೋಗುವಂತೆ ಸೋಡಾ ಮತ್ತು ಸಾಬೂನು ಹಾಕಿ ಕುದಿಸಿ ತೊಳೆಯಬೇಕು. ಹೆಚ್ಚಿನವರು ಸೋಲುವುದು ಈ ಹಂತದಲ್ಲಿ, ಏಕೆಂದರೆ ಗಂಜಿ ಉಳಿದ ಕಡೆ ಬಣ್ಣ ಮೇಲೆ ಮೇಲೆ ಕೂತು ಮೊದಲ ಒಗೆತಕ್ಕೇ ಹೋಗುತ್ತದೆ. ಬಳಿಕ ಬಟ್ಟೆಯ ತೂಕದ ಶೇ 10ರಿಂದ 15ರಷ್ಟು ಪಟಿಕವನ್ನು ಕರಗಿಸಿದ ನೀರಿನಲ್ಲಿ ನೆನೆಸಿ, ತೆಳುವಾಗಿಸಿದ ಚೊಗರಿನಲ್ಲಿ ಸಣ್ಣ ಉರಿಯ ಮೇಲೆ ಸುಮಾರು ಒಂದು ಗಂಟೆ ಕೈಯಾಡಿಸುತ್ತಾ ಇಡಬೇಕು, ನೆರಳಿನಲ್ಲಿ ಒಣಗಿಸಬೇಕು. ಕೆಂಗಂದು ಬಣ್ಣ ಬರುತ್ತದೆ. ತುಕ್ಕುಕಬ್ಬಿಣದ ನೀರಿನಲ್ಲಿ ಅದ್ದಿದರೆ ಅದೇ ಬಣ್ಣ ಬೂದಿಗಪ್ಪಿಗೆ ತಿರುಗುತ್ತದೆ. ಪಾವಗಡ, ಶಿರಾ ಕಡೆಯ ದಾಳಿಂಬೆಯ ಸಿಪ್ಪೆಯಿಂದ ಮತ್ತು ಬೆಲೆ ಬಿದ್ದಾಗ ಚಿಕ್ಕಬಳ್ಳಾಪುರದ ರೈತರು ನೋವಿನಿಂದ ರಸ್ತೆಬದಿಗೆ ಸುರಿಯುವ ಚೆಂಡುಹೂವಿನಿಂದ ಹಳದಿಯ ಹಲವು ಛಾಯೆಗಳನ್ನು ಪಡೆಯಬಹುದು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಚೊಗರು ನಿಮ್ಮ ಮನೆಯಲ್ಲಿ ಪೂರ್ತಿ ತ್ಯಾಜ್ಯವೇನಲ್ಲ. ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಅದು ಬೇಕು. ಉಳಿದದ್ದನ್ನು ಮಾತ್ರ ಲೆಕ್ಕ ಹಾಕಿ. ಮಾರುವ ಮೊದಲು, ಬಣ್ಣ ಹಾಕುವವರೊಬ್ಬರಿಗೆ ಮಾದರಿ ಕೊಟ್ಟು, ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿಗೆ ಛಾಯೆ ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಿಕೊಳ್ಳಿ. ಇನ್ನೊಂದು ವಿಷಯ ನೀರಿನದು. ನೈಸರ್ಗಿಕ ಬಣ್ಣವೆಂದ ಮಾತ್ರಕ್ಕೆ ಅದರ ನೀರನ್ನು ಕೆರೆಗೆ ಬಿಡಬಹುದೆಂದು ಅರ್ಥವಲ್ಲ. ಬಣ್ಣ ಗಟ್ಟಿಯಾಗಲೆಂದು ಮೈಲುತುತ್ತ ಅಥವಾ ಕ್ರೋಮಿಯಂ ಲವಣ ಬಳಸಿದರಂತೂ ಆ ನೀರು ವಿಷವೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳಲ್ಲಿ ತಂದು ಕೋಲಾರದ ಕೆರೆಗಳನ್ನು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆಯುತ್ತಿದೆ. ಒಂದು ಕೆರೆ ತುಂಬಿಸಲು ಇಷ್ಟು ಪಾಡುಪಡುವ ನಾಡಿನಲ್ಲಿ ಬಣ್ಣದ ತೊಟ್ಟಿಯ ನೀರನ್ನು ಮರಳು ಮತ್ತು ಇದ್ದಿಲಿನ ಗುಂಡಿಯಲ್ಲಿ ಸೋಸದೆ ಹೊರಬಿಡುವುದು ಅನ್ಯಾಯ. ಪಟಿಕ ಮತ್ತು ಕಬ್ಬಿಣ, ಇವೆರಡನ್ನು ಬಿಟ್ಟು ಬೇರೇನನ್ನೂ ನಾನು ಬಳಸುವುದಿಲ್ಲ.

ಪ್ರಶ್ನೆ: ಹಲವು ವರ್ಷಗಳಿಂದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂಡಿಸುವ ಕೆಲಸ ಮಾಡುತ್ತಿದ್ದೇನೆ. ಸುಸ್ಥಿರ ಫ್ಯಾಷನ್ ಎಂದರೆ ಬಟ್ಟೆ, ನೀರು, ಬಣ್ಣ ಎಂದೇ ಎಲ್ಲರೂ ಮಾತನಾಡುತ್ತಾರೆ. ನಮ್ಮ ಕೂಲಿಯ ಮಾತು ಅದರಲ್ಲಿ ಬರುತ್ತದೆಯೇ?
– ಗಾರ್ಮೆಂಟ್ಸ್ ಕಾರ್ಮಿಕೆ, ತುಮಕೂರು

ಉತ್ತರ: ಬರಲೇಬೇಕು ಅಕ್ಕ. ನಿಮ್ಮ ಮಾತನ್ನು ಬಿಟ್ಟು ಬರೆದ ಸುಸ್ಥಿರತೆ ಅರ್ಧ ಹೊಲಿದ ಅಂಗಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿದ್ದರೂ ಹೊಲಿಗೆಯವರನ್ನು ಮರುದಿನ ಒಳಗೆ ಕಳುಹಿಸಲಾಗಿತ್ತು. ‘ನನ್ನ ಬಟ್ಟೆಯನ್ನು ಹೊಲಿದವರು ಯಾರು’ ಎಂದು ಕೊಳ್ಳುವವರು ಬ್ರ್ಯಾಂಡುಗಳನ್ನು ಕೇಳುವ ಚಳವಳಿ ಜಗತ್ತಿನಲ್ಲಿ ಬೆಳೆದದ್ದು ಆ ದುರಂತದ ನಂತರ. ನಮ್ಮ ನಾಡಿನಲ್ಲಿ, ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರವು ತಂದ ನಿರ್ಬಂಧದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಇಳಿದವರು ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು. ಆ ನಿಯಮವನ್ನು ಸರ್ಕಾರ ಹಿಂತೆಗೆದುಕೊಂಡಿತು. ದೇಶದ ಅಸಂಖ್ಯ ಕಾರ್ಮಿಕರಿಗೆ ಅದರ ಪ್ರಯೋಜನ ಸಿಕ್ಕಿತು.

ನಿಮ್ಮ ಲೈನಿನಲ್ಲಿ ಓವರ್‌ಟೈಮ್ ಏಕೆ ಬರುತ್ತದೆ ಎಂಬುದಕ್ಕೆ ವಿನ್ಯಾಸಕರೂ ಹೊಣೆ. ಕೊನೆಯ ಗಳಿಗೆಯಲ್ಲಿ ಕಾಲರಿನ ಆಕಾರ ಬದಲಿಸಿ, ರವಾನೆಯ ದಿನಾಂಕವನ್ನು ಮಾತ್ರ ಬದಲಿಸದೆ ಇದ್ದರೆ ಆ ನಷ್ಟದ ಗಂಟೆಗಳನ್ನು ತುಂಬುವವರು ಮಿಷಿನ್ ಮುಂದೆ ಕುಳಿತವರು. ಸಣ್ಣ ಬ್ರ್ಯಾಂಡುಗಳು ಇದರಿಂದ ಮುಕ್ತ ಎಂದು ಯಾರೂ ಭಾವಿಸಬಾರದು. ಸೀರೆಗೆ ಕುಚ್ಚು ಕಟ್ಟುವುದು, ಫಾಲ್ಸ್ ಹಾಕುವುದು, ಹುಕ್ಕು ಕೂಡಿಸುವುದು, ಇಂಥ ಕೆಲಸಗಳೆಲ್ಲ ನಮ್ಮ ಊರುಗಳಲ್ಲಿ ಮನೆಯಲ್ಲೇ ಕುಳಿತ ಹೆಂಗಸರಿಗೆ ಪೀಸಿನ ಲೆಕ್ಕದಲ್ಲಿ ಹೋಗುತ್ತವೆ. ಗಂಟೆಯ ಲೆಕ್ಕ ಹಾಕಿದರೆ ಅವರಿಗೆ ದಕ್ಕುವುದು ನಾಚಿಕೆಪಡುವಷ್ಟು ಕಡಿಮೆ, ಮತ್ತು ಅಂಥ ಬಟ್ಟೆಗಳೇ ‘ಕೈಕೆಲಸ’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತವೆ.

ಕಾರ್ಖಾನೆಯಲ್ಲಿ ಒಂದೊಂದು ಕೆಲಸಕ್ಕೂ ನಿಮಿಷಗಳ ಲೆಕ್ಕ ಕಟ್ಟಿ ಟಾರ್ಗೆಟ್ ಕೊಡುತ್ತಾರೆ. ನಮ್ಮ ಘಟಕದಲ್ಲೂ ನಿಮಿಷಗಳನ್ನು ಅಳೆಯುತ್ತೇವೆ, ಕೂಲಿ ನಿಗದಿ ಮಾಡುವುದಕ್ಕಾಗಿ. ಸಾವಕಾಶವಾಗಿ, ಸೊಗಸಾಗಿ ಹೊಲಿದರೆ ಒಂದು ಅಂಗಿಗೆ ಎಷ್ಟು ಹೊತ್ತು ಬೇಕೆಂದು ಹೊಲಿಯುವವರೇ ಹೇಳುತ್ತಾರೆ. ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಂತೆ ಅಷ್ಟು ಹೊತ್ತಿನ ಕೂಲಿಯನ್ನು ಮೊದಲು ಬರೆದು, ಆಮೇಲೆ ಬಟ್ಟೆ, ಬಾಡಿಗೆ, ಲಾಭಗಳನ್ನು ಸೇರಿಸುತ್ತೇವೆ. ಬೆಲೆ ಇಳಿಸಲೇಬೇಕಾದಾಗ ಕಸೂತಿಯನ್ನೋ ಜೇಬನ್ನೋ ಕಡಿಮೆ ಮಾಡುತ್ತೇವೆಯೇ ಹೊರತು ಕೂಲಿಯ ಸಾಲನ್ನು ಮುಟ್ಟುವುದಿಲ್ಲ.

ಪ್ರಶ್ನೆ: ರೇಷ್ಮೆ ನೂಲು ಬಿಚ್ಚುವುದು ನಮ್ಮ ಕಸುಬು. ಹುಳು ಸಾಯದ ಅಹಿಂಸಾ ರೇಷ್ಮೆ ಕೊಡಿ ಎಂದು ಬೆಂಗಳೂರಿನ ವಿನ್ಯಾಸಕರು ಕೇಳುತ್ತಾರೆ. ನಮ್ಮ ನೂಲನ್ನು ಹಾಗೆ ಕರೆಯಬಹುದೇ?
– ರೀಲರ್, ಶಿಡ್ಲಘಟ್ಟ

ಉತ್ತರ: ಕರೆಯಬಾರದು. ನಿಮ್ಮ ನೂಲಿನ ಹೆಚ್ಚುಗಾರಿಕೆಯೇ ಅದು ತುಂಡಾಗದ ಒಂದೇ ಎಳೆ ಎಂಬುದು, ಮತ್ತು ಅದು ಸಿಗುವುದು ಹುಳು ಒಳಗಿರುವಾಗಲೇ ಗೂಡನ್ನು ಬೇಯಿಸುವುದರಿಂದ. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿ ಹುಳುವಿನ ಒಳ್ಳೆಯ ಗೂಡಿನಿಂದ ಸುಮಾರು ಸಾವಿರ ಮೀಟರ್ ಎಳೆ ಬಿಚ್ಚಿಕೊಳ್ಳುತ್ತದೆ. ಚಿಟ್ಟೆ ಹೊರಬರಲು ಬಿಟ್ಟರೆ ಗೂಡಿಗೆ ತೂತು ಬಿದ್ದು ಆ ಎಳೆ ಕಡಿದುಹೋಗುತ್ತದೆ, ಆಮೇಲೆ ಅದನ್ನು ಬಿಚ್ಚಲಾಗದು, ಹತ್ತಿಯಂತೆ ನೂಲಬೇಕಾಗುತ್ತದೆ. ಹಾಗೆ ನೂತ ರೇಷ್ಮೆಗೆ ಹೊಳಪು ಕಡಿಮೆ, ಎಳೆ ದಪ್ಪ, ಕೈಗೆ ಹತ್ತಿಯಂಥ ಮೆತ್ತನೆಯ ಅನುಭವ. ಅದು ಬೇರೆಯೇ ಬಟ್ಟೆ. ಬೇಕೆನ್ನುವವರಿಗೆ ಎರಿ ರೇಷ್ಮೆಯ ದಾರಿಯೂ ಇದೆ, ಅದರ ಗೂಡಿನ ಒಂದು ತುದಿ ತೆರೆದೇ ಇರುವುದರಿಂದ ಚಿಟ್ಟೆ ಗೂಡನ್ನು ತೂತು ಮಾಡದೆ ಹೊರಬರಬಲ್ಲದು.

ಆದರೆ ನಿಮ್ಮ ಬಳಿ ಹೇಳಲು ನಿಜವಾದ ಸಂಗತಿಗಳು ಸಾಕಷ್ಟಿವೆ. ಗೂಡಿನಲ್ಲಿ ಉಳಿದ ಹುಳು ಎಣ್ಣೆಗೂ ಮೀನು–ಕೋಳಿಗಳ ಆಹಾರಕ್ಕೂ ಹೋಗುತ್ತದೆ, ಬಿಚ್ಚುವಾಗ ಉಳಿದ ಎಳೆ ನೂತ ರೇಷ್ಮೆಯಾಗುತ್ತದೆ. ಗೂಡು ಯಾವ ಊರಿನದು, ಒಲೆಗೆ ಏನು ಉರಿಸುತ್ತೀರಿ, ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸುವ ಹೆಂಗಸರ ಬೆರಳುಗಳ ರಕ್ಷಣೆಗೆ ಏನು ಮಾಡಿದ್ದೀರಿ ಎಂಬುದನ್ನು ಕೇಳಬೇಕಾದ ವಿನ್ಯಾಸಕರು ಕೇಳುತ್ತಿಲ್ಲ ಎಂಬುದು ನನ್ನ ಬೇಸರ. ಕೇಂದ್ರ ರೇಷ್ಮೆ ಮಂಡಳಿಯ ‘ಸಿಲ್ಕ್ ಮಾರ್ಕ್’ ಮುದ್ರೆಯು ರೇಷ್ಮೆಯ ಶುದ್ಧತೆಯನ್ನಷ್ಟೇ ಹೇಳುತ್ತದೆ. ಉಳಿದ ವಿಷಯಗಳನ್ನು ನೀವೇ ಒಂದು ಹಾಳೆಯಲ್ಲಿ ಬರೆದು ನೂಲಿನ ಜೊತೆ ಕಳುಹಿಸಿ, ಕೊಳ್ಳುವವರು ಓದಿ ತೀರ್ಮಾನಿಸಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಾರೆ. ಆ ಬಟ್ಟೆಯಿಂದ ಈಗಿನವರು ತೊಡುವ ಉಡುಪು ಮಾಡಬಹುದೇ?
– ಪದವಿ ವಿದ್ಯಾರ್ಥಿ, ಶಿರಾ

ಉತ್ತರ: ಖಂಡಿತ ಮಾಡಬಹುದು, ಆದರೆ ಬರಿಮೈಗೆ ತಾಗುವಂತೆ ಬೇಡ. ನಮ್ಮ ಬಯಲುಸೀಮೆಯ ಕುರಿಗಳ ಉಣ್ಣೆ ಒರಟು, ಚರ್ಮಕ್ಕೆ ಚುಚ್ಚುತ್ತದೆ. ಹತ್ತಿಯ ಲೈನಿಂಗ್ ಕೊಟ್ಟ ತೋಳಿಲ್ಲದ ಕೋಟು, ಚಳಿಗಾಲದ ಮೇಲಂಗಿ, ಚೀಲ ಇವು ಚೆನ್ನಾಗಿ ಬರುತ್ತವೆ. ಮಗ್ಗದ ಹಾಸು ಎಳೆಗಳಿಗೆ ಹಚ್ಚುವ ಹುಣಸೆ ಬೀಜದ ಗಂಜಿಯಿಂದ ಬಟ್ಟೆ ಬಿರುಸಾಗಿರುತ್ತದೆ, ಆದ್ದರಿಂದ ಕತ್ತರಿಸುವ ಮುನ್ನ ತೊಳೆದು ಒಣಗಿಸಿ. ಕಪ್ಪು, ಬೂದು, ಬಿಳಿ ಎಲ್ಲವೂ ಕುರಿಯದೇ ಬಣ್ಣವಾದ್ದರಿಂದ ಬಣ್ಣದ ತೊಟ್ಟಿಯೇ ಬೇಕಿಲ್ಲ. ಮಗ್ಗದ ಅಗಲಕ್ಕೆ ತಕ್ಕಂತೆ ವಿನ್ಯಾಸ ಮಾಡಿದರೆ ಚಿಂದಿಯೂ ಆಗುವುದಿಲ್ಲ. ನೇಯ್ದ ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾದರಿ ಬರೆಯಿರಿ, ಎಲ್ಲಿ ಕತ್ತರಿಸಿದರೆ ಎಳೆ ಬಿಡುತ್ತದೆ ಎಂಬುದು ಅವರಿಗೆ ಗೊತ್ತು.

ಪ್ರಶ್ನೆ: ನಮ್ಮ ಬೂಟಿಕ್‌ನ ಬಟ್ಟೆಗಳ ಮೇಲೆ ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿಸಬಹುದೇ? ಬೆಲೆ ಹೆಚ್ಚಾಯಿತು ಎನ್ನುವ ಗಿರಾಕಿಗಳಿಗೆ ಏನು ಹೇಳಬೇಕು?
– ಬೂಟಿಕ್ ಮಾಲೀಕರು, ಕೋಲಾರ

ಉತ್ತರ: ಬರಿಯ ಆ ಒಂದು ಪದವನ್ನು ಹಾಕಿಸಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’ ಮುಂತಾದ ಅಸ್ಪಷ್ಟ ಪದಗಳನ್ನು ತಕ್ಕ ಆಧಾರವಿಲ್ಲದೆ ಬಳಸುವಂತಿಲ್ಲ. ಅದರ ಬದಲು ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಬರೆಯಿರಿ: ನೂಲು ಯಾವುದು, ಎಲ್ಲಿ ನೇಯ್ದದ್ದು, ಯಾವ ಬಣ್ಣ, ಪಕ್ಕದಲ್ಲಿ ಎಷ್ಟು ಇಂಚು ಮಾರ್ಜಿನ್ ಇದೆ, ಹೇಗೆ ಒಗೆಯಬೇಕು. ಎಲ್ಲವೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಲಿ.

ಬೆಲೆಯ ವಿಷಯದಲ್ಲಿ ಗಿರಾಕಿಗಳ ಮೇಲೆ ಬೇಸರಿಸಿಕೊಳ್ಳಬೇಡಿ. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಸಾವಿರಾರು ರೂಪಾಯಿಯ ಕುರ್ತಾ ನಿಜವಾಗಿಯೂ ದುಬಾರಿ. ಹೊಸದನ್ನು ಕೊಳ್ಳಲಾಗದವರಿಗೂ ನಿಮ್ಮ ಅಂಗಡಿಯಲ್ಲಿ ಕೆಲಸವಿರಬೇಕು: ಅಂಚು ಗಟ್ಟಿಯಾಗಿದ್ದು ಒಡಲು ಸವೆದ ಸೀರೆಯಿಂದ ಮಗುವಿನ ಲಂಗ, ಬಿಗಿಯಾದ ರವಿಕೆಯನ್ನು ಬಿಚ್ಚಿ ಹೊಲಿಯುವುದು, ಕಾಲರ್ ಸವೆದ ಅಂಗಿಗೆ ಅದನ್ನೇ ಮಗುಚಿ ಕೂಡಿಸುವುದು. ಇದಕ್ಕೆ ದರಪಟ್ಟಿಯನ್ನು ಗೋಡೆಗೆ ಹಾಕಿ, ನ್ಯಾಯವಾದ ಕೂಲಿ ಪಡೆಯಿರಿ. ಹಾಗೆಯೇ, ದೃಷ್ಟಿಯಿಲ್ಲದ ಗಿರಾಕಿಗಳು ಬಂದರೆ ಕತ್ತಿನ ಹಿಂದಿನ ಲೇಬಲ್ಲಿನ ಮೂಲೆಯಲ್ಲಿ ದಾರದ ಸಣ್ಣ ಗಂಟುಗಳನ್ನು ಹಾಕಿಕೊಡಿ. ಬಿಳಿಗೆ ಒಂದು, ಕೆಂಪಿಗೆ ಎರಡು, ನೀಲಿಗೆ ಮೂರು ಎಂಬಂತೆ ಅವರೊಂದಿಗೇ ಕುಳಿತು ಗೊತ್ತುಮಾಡಿಕೊಂಡು, ಆ ಗುರುತುಗಳನ್ನು ಅವರ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಬಾರಿಯೂ ಅದೇ ಕ್ರಮದಲ್ಲಿ ಹಾಕಿಕೊಡಬಹುದು.